ಬಂಗಾರ ತವರುಮನ್ಯಾಗ ಇಟ್ರ ಗಂಡನ ಮ್ಯಾಲ ಅರ್ಧಾ ಮನಸ್ಸು ಅಂತ ಅರ್ಥ ಏನು?

ಹುಮನಾಬಾದ್_ಮಗಳು · ಭಾನುವಾರ ರಾತ್ರಿ 9:40

ಎಲ್ಲರಿಗೂ ವಂದನೆಗಳು. ಇಲ್ಲಿ ಭಾಳ ದಿನದಿಂದ ಓದ್ಕೋತ ಬಂದೀನಿ, ಬರ್ಯೋದು ಇದೇ ಮೊದಲು. ಹೆಸರು ಬ್ಯಾಡ. ಕಲಬುರಗಿಯಾಗ ಇರ್ತೀವಿ, ತವರುಮನಿ ಹುಮನಾಬಾದ್ ಕಡೀಗಿ. ಮದಿವಿ ಆಗಿ ಒಂಬತ್ತು ವರ್ಷ, ಒಬ್ಬಾಕಿ ಮಗಳು, ಎರಡನೇ ಕ್ಲಾಸು. ಎರಡೂ ಕಡೀದು ಮೆಥಡಿಸ್ಟ್ ಮನಿತನನೇ. ನಮ್ಮವರು ಗುಮಾಸ್ತ ಕೆಲಸಕ್ಕ ಅದಾರ, ಕುಡ್ಯಂಗಿಲ್ಲ, ಪಗಾರ ಆದ ದಿನ ಮನಿ ಖರ್ಚಿಂದು ಕೈಯಾಗ ಕೊಡ್ತಾರ, ಆರಾಧನಿ ತಪ್ಸಂಗಿಲ್ಲ. ಅಂದ್ರ ದೂರು ಹೇಳಾಕ ಏನೂ ಇಲ್ಲ, ಅದೇ ಕಷ್ಟ.

ಮದಿವ್ಯಾಗ ಅವ್ವ ನನಗ ಹಾಕಿದ್ದು ನಾಲ್ಕೂವರಿ ತೊಲಿ. ಕಿವ್ಯಾಂದು ಬಿಟ್ರ ಉಳಿದದ್ದು, ಕೈಯಾಂದು ಎರಡು ಪಾಟ್ಲಿ, ಕೊಳ್ಳಾಂದು ಒಂದು ಬೋರಮಾಳ, ಇನ್ನಾ ತವರುಮನಿ ಟ್ರಂಕಿನಾಗೇ ಅದ. ಮದಿವಿ ಆದ ವರ್ಷ ಕ್ರಿಸ್ಮಸ್ಸಿಗೆ ಹೋದಾಗ ಅವ್ವ "ಇಲ್ಲೇ ಇರಲಿ ಬಿಡವ್ವ, ಯಾವಾಗ ಏನೋ" ಅಂದ್ಳು, ನಾ ಬಿಟ್ಟು ಬಂದೆ. ಹೋದ ತಿಂಗಳು ನಮ್ಮ ವೈನಿ ಯಾರದೋ ಮದಿವ್ಯಾಗ ಅದೇ ಬೋರಮಾಳ ಹಾಕ್ಕೊಂಡು ವಾಟ್ಸ್ಯಾಪ್ ಸ್ಟೇಟಸ್ ಇಟ್ಟಿದ್ಳು. ನಮ್ಮವರು ಮುಂಜಾನಿ ಚಹಾ ಕುಡೀತಾ ನೋಡಿ, ದೊಡ್ಡದು ಮಾಡಿ, "ಇದು ನಿಂದಲ್ಲೇನು?" ಅಂದ್ರು. ಹೌದು ಅಂದೆ. ಅಷ್ಟೇ.

ಇವತ್ತು ಸಭ್ಯಾಗ ದಂಪತಿಗಳ ಸಲುವಾಗಿ ಸಂದೇಶ ಇತ್ತು. ಪಾಸ್ಟರ್ ಅವರು ತಗೊಂಡಿದ್ದು ಅಪೊಸ್ತಲರ ಕೃತ್ಯಗಳು 5, ಅನನೀಯ ಮತ್ತ ಅವನ ಹೆಂಡ್ತಿ, ಹೊಲ ಮಾರಿ ಬಂದ ರೊಕ್ಕದಾಗ ಒಂದಿಷ್ಟು ಮುಚ್ಚಿಟ್ಟವರು. ಮದಿವಿಯಾಗ ಏನಾರ ಹಿಂದ ಇಟ್ಕೊಂಡ್ರ ಅದು ಅರ್ಧಾ ಮನಸ್ಸು ಅಂದ್ರು. ನಮ್ಮವರು ನನ್ನ ಕಡಿ ನೋಡಲಿಲ್ಲ, ಮ್ಯಾಲ ಫ್ಯಾನ್ ನೋಡ್ಕೋತ ಕುಂತಿದ್ರು. ಮನೀಗಿ ಬಂದು ಉಂಡು, ಕೈ ತೊಳದು, ಒಂದೇ ಮಾತು ಅಂದ್ರು: "ಒಂಬತ್ತು ವರ್ಷ ಆತು, ನೀ ಇನ್ನಾ ಬಸ್ ಸ್ಟ್ಯಾಂಡಿನಾಗೇ ಕುಂತೀದಿ."

ಈಗ ನಾ ಏನ್ ಮಾಡ್ಲಿ. ಬಂಗಾರ ತಂದ್ಬಿಡ್ಲೇನು? ಅದನ್ನ ಅಲ್ಲಿ ಇಟ್ಟಿದ್ದು ಖರೇನೇ ಅರ್ಧಾ ಮನಸ್ಸೇನು?

ಮಂಗಲಪೇಟ್_ಹುಡುಗ · 9:52

ತರಬ್ಯಾಡ್ರಿ ಅಕ್ಕಾರ. ಲಾಕರ್ ಬಾಡಗಿ ಉಳೀತದ 😄

ಸುಮ್ನೆ_ಓದಾಂವ · 9:55

ಬಸ್ ಸ್ಟ್ಯಾಂಡ್ ಮಾತು ಭಾರಿ ಅದ. ಮಾವಾರು ಗುಮಾಸ್ತಕಿ ಬಿಟ್ಟು ಕವಿ ಆಗ್ಬೇಕಿತ್ತು.

ಹಿರಿಯ_ಸಭಾಸದ · 10:10

ತಂಗಿ, ಇದರಾಗ ಕೇಳೋದು ಏನದ. ಆದಿಕಾಂಡ 2:24, ಅವರಿಬ್ಬರು ಒಂದೇ ಶರೀರವಾಗಿರುವರು. ಒಂದೇ ಶರೀರ ಅಂದಮ್ಯಾಲ ಒಂದು ಕೈ ಕಲಬುರಗ್ಯಾಗ ಒಂದು ಕೈ ಹುಮನಾಬಾದಿನ್ಯಾಗ ಇಡಾಕ ಬರ್ತದೇನು? ಬೆಚ್ಚಗೂ ಇಲ್ಲ ತಣ್ಣಗೂ ಇಲ್ಲ ಅಂತ ಲವೊದಿಕೀಯ ಸಭಿಗೆ ಹೇಳಿದ್ದು ಸಂಸಾರಕ್ಕೂ ಹತ್ತತದ. ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಹೋಗಿ ತಂದು ಗಂಡನ ಕೈಯಾಗ ಇಡು. ನಿಮ್ಮ ತಾಯಿ ಮಾಡಿದ್ದೂ ತಪ್ಪು. ಮಗಳಿಗೆ ಬಾಗಲಾ ತೆರದಿಟ್ರ ಆಕಿ ಹ್ಯಾಂಗ ಬಾಳೇ ಮಾಡ್ಯಾಳು.

ಸೇಡಂ_ರೋಡ್_ಸಿಸ್ಟರ್ · 10:18

ಅಂಕಲ್ ಅದೇ ವಚನ ಮೊದಲಿಂದ ಓದ್ರಿ. "ಪುರುಷನು ತಂದೆತಾಯಿಗಳನ್ನು ಬಿಟ್ಟು" ಅಂತ ಅದ. ಪುರುಷನು. ನಮ್ಮ ಕಡಿ ಯಾವ ಗಂಡಸು ಬಿಟ್ಟಾನ ಹೇಳ್ರಿ? ಬಿಡಾಕಿ ಹೆಣ್ಣು, ಮನಿ ಬಿಡ್ಬೇಕು ಊರು ಬಿಡ್ಬೇಕು ಹೆಸರಿನ ಮುಂದಿನ ಅಡ್ಡಹೆಸರೂ ಬಿಡ್ಬೇಕು, ಮ್ಯಾಲ ಎರಡು ಪಾಟ್ಲಿನೂ ಬಿಡ್ಬೇಕು, ಗಂಡಂದು ಮಾತ್ರ ಪಾಸ್‌ಬುಕ್ಕು ಅವರವ್ವನ ತಲಿದಿಂಬಿನ ಕೆಳಗ. ನಮ್ಮನ್ಯಾಗ ಹಂಗೇ ಅದ, ಹದಿನೈದು ವರ್ಷ ಆತು, ಅದರ ಬಗ್ಗೆ ಒಂದು ಸಂದೇಶಾನೂ ಬಂದಿಲ್ಲ ಇಲ್ಲಿತನ.

ಹಿರಿಯ_ಸಭಾಸದ · 10:21

ಇದು ವಾದಕ್ಕ ಮಾಡೋ ವಾದ.

ಸೇಡಂ_ರೋಡ್_ಸಿಸ್ಟರ್ · 10:22

ಅಲ್ಲ, ಇದು ಓದಾಕ ಬರ್ತದ ಅಂತ ಮಾಡೋ ವಾದ 🙂

ಹಳೇ_ಸೆಮಿನರಿ · 10:47

ಇಬ್ಬರೂ ಜರಾ ಕುಂದರ್ರಿ. ನಿವೃತ್ತ ಆದಾಂವ, ನಿದ್ದಿ ಬರಂಗಿಲ್ಲ, ಅದಕ್ಕ ಬರೀತೀನಿ, ಉದ್ದ ಆದ್ರ ಮಾಫಿ ಇರಲಿ.

ನಮ್ಮ ಸತ್ಯವೇದದಾಗ "ಹೆಂಡತಿಯನ್ನು ಸೇರಿಕೊಳ್ಳುವನು" ಅಂತ ಅದಲ್ಲ, ಅಲ್ಲಿ ಹೀಬ್ರೂದಾಗ ಇರೋ ಮಾತು ದಾಬಕ್. ಅಂದ್ರ ಅಂಟಿಕೊಳ್ಳೋದು, ಗೋಂದು ಹಚ್ಚಿದಂಗ. ಇದೇ ಮಾತು ರೂತಳ ಪುಸ್ತಕ 1:14ರಾಗ ಬರ್ತದ, ರೂತಳು ತನ್ನ ಅತ್ತಿ ನೊವೊಮಿಗೆ ಅಂಟಿಕೊಂಡ್ಳು ಅಂತ. ಧರ್ಮೋಪದೇಶಕಾಂಡ 10:20ರಾಗ ದೇವರಿಗೆ ಅಂಟಿಕೋರಿ ಅನ್ನೋವಾಗಲೂ ಅದೇ ಮಾತು. ಮದಿವ್ಯಾಗ "ನೀನು ಎಲ್ಲಿ ಹೋಗುವಿಯೋ ನಾನೂ ಅಲ್ಲಿಗೆ" ಅಂತ ಕಾರ್ಡಿನ ಮ್ಯಾಲ ಹಾಕ್ತಾರ, ಅದು ಗಂಡಗ ಹೇಳಿದ್ದಲ್ಲ ಅತ್ತಿಗಿ ಹೇಳಿದ್ದು ಅಂತ ಬಾಳ ಮಂದಿ ನಗ್ತಾರ. ನಗಬ್ಯಾಡ್ರಿ. ಮಾತು ಒಂದೇ, ಅದಕ್ಕ ಅದು ಮದಿವಿಗೂ ಹೊಂದತದ.

ಇನ್ನ ಅಪೊಸ್ತಲರ ಕೃತ್ಯಗಳು. ಐದನೇ ಅಧ್ಯಾಯದ ನಾಲ್ಕನೇ ವಚನ ಯಾರೂ ಓದಂಗಿಲ್ಲ. ಹೊಲ ಮಾರೂಕ್ಕಿಂತ ಮೊದಲು ಅದು ನಿಂದೇ ಇತ್ತಲ್ಲ, ಮಾರಿದ ಮ್ಯಾಲೂ ರೊಕ್ಕ ನಿನ್ನ ಕೈಯಾಗೇ ಇತ್ತಲ್ಲ ಅಂತ ಪೇತ್ರ ಕೇಳ್ತಾನ. ಅಂದ್ರ ಇಟ್ಕೊಂಡಿದ್ದು ಪಾಪ ಅಲ್ಲ. ಇಟ್ಕೊಂಡು ಪೂರಾ ಕೊಟ್ಟೀನಿ ಅಂದಿದ್ದು ಪಾಪ. ಮತ್ತ ಅಲ್ಲಿ ಗಂಡ ಹೆಂಡ್ತಿ ಒಬ್ಬರಿಗೊಬ್ಬರು ಮುಚ್ಚಿಡಲಿಲ್ಲ, ಇಬ್ಬರೂ ಕೂಡೇ ಸಭಿಗೆ ಮುಚ್ಚಿಟ್ರು. ಒಂದೇ ಮನಸ್ಸಿನ ಜೋಡಿ ಅಂದ್ರ ಅವರೇ ನೋಡ್ರಿ ಬೇಕಂದ್ರ! ಪಾಸ್ಟರ್ ಅವರಿಗೆ ನನ್ನ ಗೌರವ ಅದ, ಆದ್ರ ದಂಪತಿಗಳಿಗೆ ಆ ಭಾಗ ಸರಿ ಕುಂದ್ರಂಗಿಲ್ಲ.

ತಂಗಿ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಈ ಒಂಬತ್ತು ವರ್ಷ ಬಂಗಾರ ಎಲ್ಲಿ ಅದ ಅಂತ ಅವರು ಎಂದೂ ಕೇಳಿಲ್ಲೇನು? ಕೇಳಿದ್ರ ಏನಂತ ಹೇಳಿದ್ದಿ?

ಹುಮನಾಬಾದ್_ಮಗಳು · 11:30

ಕೇಳಿದ್ರು. ಎರಡು ಸಲ. ಬ್ಯಾಂಕ್ ಲಾಕರಿನಾಗ ಅದ ಅಂತ ಹೇಳಿದ್ದೆ.

ಮೊದಲೇ ಬರೀಬೇಕಿತ್ತು, ಬರೀಲಿಲ್ಲ.

ಮಂಗಲಪೇಟ್_ಹುಡುಗ · 11:33

ಅಯ್ಯೋ. ಲಾಕರ್ ಜೋಕ್ ವಾಪಸ್ ತಗೊಂಡೆ.

ಸುಮ್ನೆ_ಓದಾಂವ · 11:35

ಒಬ್ಬಾತ ನಿವೃತ್ತ ಮನುಷ್ಯಾ ರಾತ್ರಿ ಹನ್ನೊಂದಕ್ಕ ಕುಂತು ಸಿಐಡಿ ಕೆಲಸ ಮಾಡ್ಯಾನ.

ತೊಗರಿ_ಕಾಕಾ · ಸೋಮವಾರ ಮುಂಜಾನಿ 6:15

ಸುಳ್ಳು ಹೇಳಿದ್ದು ತಪ್ಪು. ಬಂಗಾರ ಇಟ್ಟಿದ್ದು ತಪ್ಪಲ್ಲ. ಹೊಲಕ್ಕ ಹೊಂಟೀನಿ, ಸಂಜಿಕ ಬರೀತೀನಿ.

ಶಹಾಪುರದಾಕಿ · 7:40

ತರಬ್ಯಾಡ ತಂಗಿ. ನಾ ತಂದಿದ್ದೆ.

ಮದಿವಿ ಆಗಿ ಎರಡನೇ ತಿಂಗಳಿಗೆ ಎಲ್ಲಾ ಕೊಟ್ಟೆ, ಪೂರ್ಣ ಮನಸ್ಸಿಂದ. ಆರು ತೊಲಿ. ಅಟೊ ತಗೋತೀನಿ ಅಂದ, ತಗೊಂಡ. ಅಟೊ ಹೋತು, ಬಂಗಾರ ಹೋತು, ಆಮ್ಯಾಲ ಕೈ ಎತ್ತಾಕ ಸುರು ಮಾಡಿದ. ಸಭಿ ಹಿರ್ಯಾರ ಹತ್ರ ಹೋದೆ. ಮಲಾಕಿಯ 2:16 ತೋರಿಸಿದ್ರು, ದೇವರಿಗೆ ವಿಚ್ಛೇದನ ಅಂದ್ರ ಆಗಂಗಿಲ್ಲ, ಸಹಿಸ್ಕೊ, ಪ್ರಾರ್ಥನಿ ಮಾಡು ಅಂದ್ರು. ಮನೀಗಿ ಬಂದು ನಾನೇ ತಗದು ಓದ್ದೆ. ಅದೇ ವಚನದ ಇನ್ನರ್ಧದಾಗ ಹಿಂಸಾ ಮಾಡಾಂವನ ಮ್ಯಾಲೂ ದೇವರಿಗೆ ಅಷ್ಟೇ ಸಿಟ್ಟು ಅದ. ಆ ಅರ್ಧಾನ ಯಾರೂ ಬೆರಳು ಇಟ್ಟು ತೋರಿಸಲಿಲ್ಲ. ಮಗನ್ನ ಬಗಲಾಗ ಹೊತ್ಕೊಂಡು ಯಾದಗಿರಿ ಸ್ಟೇಷನ್ನಿನಾಗ ನಿಂತಾಗ ಕೈಯಾಗ ನೂರಾ ಎಂಬತ್ತು ರೂಪಾಯಿ ಇತ್ತು. ಆವಾಗ ಎರಡು ಪಾಟ್ಲಿ ಎಲ್ಲ್ಯಾರ ಟ್ರಂಕಿನಾಗ ಇದ್ದಿದ್ರ ಅಂತ ಇವತ್ತಿಗೂ ಅನಸ್ತದ.

ನಿಮ್ಮವ್ವಗ "ಯಾವಾಗ ಏನೋ" ಅನ್ನೋ ಮಾತು ಯಾಕ ಬಂತು ಅಂತ ನನಗ ಗೊತ್ತದ.

ಸೇಡಂ_ರೋಡ್_ಸಿಸ್ಟರ್ · 7:58

❤️ ಇದರ ಮ್ಯಾಲ ಇನ್ನ ಯಾರಾರ ಲವೊದಿಕೀಯ ಅಂದ್ರ ನೋಡ್ರಿ ಮತ್ತ.

ಹಿರಿಯ_ಸಭಾಸದ · 8:30

ತಂಗಿ ಶಹಾಪುರದಾಕಿ, ನಿನಗ ಹಂಗ ಹೇಳಿದ ಹಿರ್ಯಾರ ಪರವಾಗಿ ನಾ ಮಾತಾಡಂಗಿಲ್ಲ. ಅದು ತಪ್ಪು. ಹೊಡಿಯೋ ಮನ್ಯಾಗ ಇರು ಅಂತ ನಾ ಎಂದೂ ಹೇಳಂಗಿಲ್ಲ. ಆದ್ರ ಈ ತಂಗಿ ಗಂಡ ಹೊಡಿಯಾಂವ ಅಲ್ಲಲ್ಲ. ಒಳ್ಳೇ ಗಂಡಗೂ ಕೆಟ್ಟ ಗಂಡಗೂ ಒಂದೇ ಕೀಲಿ ಹಾಕಿದ್ರ ಒಳ್ಳೇವ ಆಗಿ ಏನು ಸಿಕ್ಕಂಗಾತು?

ಶಹಾಪುರದಾಕಿ · 8:41

ಎರಡನೇ ತಿಂಗಳಿಗೆ ನಂದೂ ಒಳ್ಳೇವನೇ ಇದ್ದ ಅಣ್ಣಾರ.

ಕೋರ್ಟ್_ಕಟ್ಟಿ · 11:15

ವಕೀಲ ಆಗಿ ಎರಡು ಮಾತು. ಒಂದು, ತವರಿನವರು ಹಾಕಿದ ಬಂಗಾರ ಸ್ತ್ರೀಧನ. 2024ರ ಏಪ್ರಿಲ್‌ನಾಗ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಾಗ ಸ್ವಚ್ಛ ಹೇಳ್ಯದ: ಅದು ಗಂಡ ಹೆಂಡ್ತಿ ಇಬ್ಬರ ಜಂಟಿ ಆಸ್ತಿ ಅಲ್ಲ, ಹೆಂಡ್ತೀದು. ಗಂಡ ಅಡಚಣ್ಯಾಗ ಬಳಸಬಹುದು, ಆದ್ರ ಹೊಳ್ಳಿ ಕೊಡೋ ನೈತಿಕ ಹೊಣಿ ಅವನ ಮ್ಯಾಲ. ಆ ಕೇಸಿನಾಗ ಮದಿವಿ ಆದ ಮೊದಲ ರಾತ್ರಿನೇ ಜೋಪಾನ ಮಾಡ್ತೀವಿ ಅಂತ ಬಂಗಾರ ಇಸ್ಕೊಂಡಿದ್ರು ಅನ್ನೋದು ಹೆಂಡ್ತಿ ದೂರು ಇತ್ತು.

ಎರಡು, ನಿಮ್ಮ ಅವ್ವನ ಕಾಲದ್ದು. ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರದ್ದು. 2001ರಾಗ ತಿದ್ದುಪಡಿ ಆಗೋತನ ಗಂಡಗ ಹೆಂಡ್ತಿ ವ್ಯಭಿಚಾರ ತೋರಿಸಿದ್ರ ಸಾಕಿತ್ತು, ಹೆಂಡ್ತಿ ಆದಾಕಿ ಗಂಡನ ವ್ಯಭಿಚಾರದ ಜೋಡಿ ಕ್ರೌರ್ಯನೋ ಎರಡು ವರ್ಷ ಬಿಟ್ಟು ಹೋಗಿದ್ದೋ ಇನ್ನೊಂದು ಸೇರಿಸಿ ತೋರಿಸ್ಬೇಕಿತ್ತು. ಬರೇ ಹೊಡೀತಾನ ಅಂದ್ರ ವಿಚ್ಛೇದನ ಸಿಗ್ತಿರಲಿಲ್ಲ. ಇಬ್ಬರೂ ಒಪ್ಪಿ ಬ್ಯಾರೆ ಆಗೋ ಹಾದಿ, ಅದೇ 10ಎ ಕಲಮು, ಅದೂ 2001ರಾಗೇ ಬಂತು. ಕೌಟುಂಬಿಕ ಹಿಂಸಾಚಾರ ಕಾಯ್ದೆ ಬಂದಿದ್ದು 2005ಕ್ಕ. ಅಂದ್ರ ಆ ಕಾಲದ ಹೆಣ್ಮಕ್ಕಳಿಗೆ ಕೋರ್ಟಿನ ಬಾಗಲಾ ಮುಚ್ಚಿತ್ತು, ಸಭಿ ಬಾಗಲಾನೂ ಮುಚ್ಚಿತ್ತು, ತೆರದಿದ್ದು ಟ್ರಂಕ್ ಒಂದೇ. ತಾಯಂದ್ರು ಬಂಗಾರ ಹಿಡ್ಕೊಂಡು ಕುಂತಿದ್ರಾಗ ಆಶ್ಚರ್ಯ ಏನಿಲ್ಲ.

ಬಸವೇಶ್ವರ್_ನಗರದವ · 11:40

ಅದೆಲ್ಲಾ ಖರೆ. ತೊಲಿಗೆ ಲಕ್ಷ ದಾಟಿ ಹೋಗ್ಯದ ಬಂಗಾರ. ಎಲ್ಲಿ ಇಟ್ರೂ ಹೆಣ್ಮಕ್ಕಳೇ ಜಾಣ್ಯಾರು ಅಂತ ಆತಲ್ಲ ಕಡೀಗಿ. ನಾ 2014ರಾಗ ಪ್ಲಾಟ್ ತಗೊಂಡೆ, ನಮ್ಮಾಕಿ ಬಂಗಾರ ತಗೋರಿ ಅಂದಿದ್ಳು.

ಗಂಜ್_ಸರಾಫ್_ಮಗ · 11:52

ತೊಲಿ ಅಂದ್ರ 11.66 ಗ್ರಾಂ. ನೀವು ಹೇಳೋದು 10 ಗ್ರಾಂ ರೇಟು.

ಬಸವೇಶ್ವರ್_ನಗರದವ · 11:54

ಈಗ ಯಾವ ಅಂಗಡ್ಯಾಗ 11.66 ಕೊಡ್ತಾರಪ್ಪ? ಎಲ್ಲಾರೂ ಹತ್ತೇ ಹಿಡೀತಾರ.

ಗಂಜ್_ಸರಾಫ್_ಮಗ · 11:55

ಹಿಡೀತಾರ. ಆದ್ರ ತೊಲಿ 11.66ನೇ. ಆಕಿ ಅವ್ವ ಹಳೇ ಕಾಲದಾಕಿ, ಹಳೇ ಲೆಕ್ಕದ ನಾಲ್ಕೂವರಿ ಇದ್ರ ಹತ್ರಹತ್ರ ಐವತ್ತೆರಡೂವರಿ ಗ್ರಾಂ ಆಗ್ತದ.

ಸೇಡಂ_ರೋಡ್_ಸಿಸ್ಟರ್ · 12:01

ಸಂಸಾರದ ಮಾತಾಡ್ರಿ ಅಂದ್ರ ತಕ್ಕಡಿ ತಂದಾರ.

ಮಂಗಳೂರಿನ_ಮೇಷ್ಟ್ರು · 12:30

ನಾನು ಕಥೋಲಿಕ, ಊರು ಮಂಗಳೂರು, ಕಲಬುರಗಿಗೆ ಬಂದು ಹನ್ನೆರಡು ವರ್ಷ ಆಯ್ತು. ನಮ್ಮದು ಇಲ್ಲಿ ಸಣ್ಣ ಸಮುದಾಯ, ಧರ್ಮಪ್ರಾಂತ್ಯವೇ 2005ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಆದದ್ದು. ನಮ್ಮಲ್ಲಿ ಮದುವೆ ವಚನ ಹೇಳುವ ಮೊದಲೇ ಗುರುಗಳು ಒಂದು ಪ್ರಶ್ನೆ ಕೇಳ್ತಾರೆ, ಒತ್ತಾಯ ಇಲ್ಲದೆ, ಪೂರ್ಣ ಹೃದಯದಿಂದ ಬಂದಿದ್ದೀರಾ ಅಂತ. ಎಲ್ಲರೂ ಹೌದು ಅಂತಾರೆ, ಫೋಟೊದವನು ಆಗ ಲೈಟು ಸರಿ ಮಾಡ್ತಾ ಇರ್ತಾನೆ, ಯಾರಿಗೂ ಕೇಳೋದೇ ಇಲ್ಲ. ಆದ್ರೆ ಅದು ಸುಮ್ಮನೆ ಕೇಳೋದಲ್ಲ ಮಾರಾಯ್ರೆ. ಬಾಯಲ್ಲಿ ಹೌದು ಅಂದು ಮನಸ್ಸಲ್ಲಿ "ಸರಿ ಬರದಿದ್ರೆ ಬಿಟ್ಟು ಬಿಡ್ತೇನೆ" ಅಂತ ಗಟ್ಟಿ ನಿಶ್ಚಯ ಮಾಡಿಯೇ ನಿಂತಿದ್ರೆ, ಅದು ಸಾಬೀತಾದ್ರೆ, ಧರ್ಮಸಭೆಯ ಕಾನೂನಿನ ಪ್ರಕಾರ ಆ ಮದುವೆ ಆಗಲೇ ಇಲ್ಲ ಅಂತ ಲೆಕ್ಕ.

ಕೋರ್ಟ್_ಕಟ್ಟಿ · 12:38

ಹಂಗಾದ್ರ ಟ್ರಂಕಿನಾಗಿನ ಬಂಗಾರ ಸಾಕ್ಷಿ ಆಗ್ತದೇನು ಮೇಷ್ಟ್ರೇ?

ಮಂಗಳೂರಿನ_ಮೇಷ್ಟ್ರು · 12:44

ಇಲ್ಲ ಇಲ್ಲ. ಹೆದರಿಕೆ ಬೇರೆ, ನಿಶ್ಚಯ ಬೇರೆ. ಮಳೆಗಾಲಕ್ಕೆ ಕೊಡೆ ಇಟ್ಕೊಂಡವನು ಮಳೆ ಬರಲಿ ಅಂತ ಕಾಯ್ತಾ ಇಲ್ಲ ಅಲ್ವಾ. ನಮ್ಮ ಮನೆಯಲ್ಲಿ ಹೆಂಡತಿಯ ಚಿನ್ನ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ, ಕೇಳಿಯೂ ಇಲ್ಲ.

ಸುಮ್ನೆ_ಓದಾಂವ · 12:46

ಇವತ್ತು ರಾತ್ರಿ ಕೇಳ್ಬ್ಯಾಡ್ರಿ ಮೇಷ್ಟ್ರೇ. ಚೆನ್ನಾಗಿದೀರಿ, ಹಂಗೇ ಇರ್ರಿ.

ಭಾಲ್ಕಿ_ಯೂತ್ · 1:20

ಬಂಗಾರ ಯಾಕ ಬೇಕು ಅಂತೀನಿ ಮೊದಲು. ಉಂಗುರ ಸಾಕು. ತಾಳಿ ಬ್ಯಾರೆ ಹಾಕ್ತಾರ ನಮ್ಮವರು, ಅದರಾಗ ಶಿಲುಬಿ ಇಟ್ರ ಕ್ರೈಸ್ತ ಆಗ್ತದೇನು?

ಸೇಡಂ_ರೋಡ್_ಸಿಸ್ಟರ್ · 1:25

ಉಂಗುರ ಏನು ಬೆತ್ಲೆಹೇಮಿನಿಂದ ಬಂದದೇನೋ ತಮ್ಮಾ? ಅದೂ ರೋಮಿನವರ ರೂಢಿ. ನಮ್ಮವ್ವ ಕರಿಮಣ್ಯಾಗ ಶಿಲುಬಿ ಹಾಕ್ಕೊಂಡೇ ಐವತ್ತು ವರ್ಷ ಬಾಳೇ ಮಾಡ್ಯಾಳ, ಆಕಿ ಮುಂದ ಹೋಗಿ ಹೇಳು ಇದನ್ನ.

ಭಾಲ್ಕಿ_ಯೂತ್ · 1:27

ಅದಕ್ಕ ಬ್ಯಾರೆ ಥ್ರೆಡ್ ಮಾಡ್ತೀನಿ.

ಸೇಡಂ_ರೋಡ್_ಸಿಸ್ಟರ್ · 1:27

ಮಾಡು. ಬರ್ತೀನಿ.

ಮಸ್ಕತ್_ನರ್ಸಮ್ಮ · 4:50

ಡ್ಯೂಟಿ ಮುಗಸ್ಕೊಂಡು ಈಗ ಓದ್ದೆ ಎಲ್ಲಾ. ಬಸ್ ಸ್ಟ್ಯಾಂಡ್ ಮಾತು ಎದಿಗಿ ಹತ್ತು. ನಂದು ಬೀದರ, ಏಳು ವರ್ಷದಿಂದ ಮಸ್ಕತ್ತಿನಾಗ ಇದೀನಿ, ಗಂಡ ಮಕ್ಕಳು ಬೀದರದಾಗೇ. 1 ಕೊರಿಂಥ 7:5 ನನಗ ಎಷ್ಟು ಮಂದಿ ಕಳಿಸ್ಯಾರ ಅಂತ ಲೆಕ್ಕ ಇಲ್ಲ, ಗಂಡ ಹೆಂಡ್ತಿ ಅಗಲಿ ಇರಬಾರದು, ಇಬ್ಬರೂ ಒಪ್ಪಿ ಸ್ವಲ್ಪ ಕಾಲ ಅಷ್ಟೇ ಅಂತ. ಸ್ವಲ್ಪ ಕಾಲ ಅಂದ್ರ ಎಷ್ಟು ಅಂತ ಪೌಲ ಬರ್ದಿಲ್ಲ. ಮನಿ ಕಟ್ಟಿದ ಸಾಲ ತೀರೋತನ ಅಂತ ನಾವು ತಿಳ್ಕೊಂಡೀವಿ.

ಇಲ್ಲಿ ರಾತ್ರಿ ಎಂಟೂವರಿ, ಅಲ್ಲಿ ಹತ್ತು. ಆವಾಗ ಅವರು ಫೋನ್ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟು ನಾಳಿಗಿ ಬಳ್ಳೊಳ್ಳಿ ಸುಲೀತಾ ಕುಂದರ್ತಾರ. ಮಾತು ಜಾಸ್ತಿ ಇರಂಗಿಲ್ಲ. ನನಗ ಅವರ ಉಗುರು ಕಾಣ್ತಾವ, ಬಳ್ಳೊಳ್ಳಿ ಸಿಪ್ಪಿ ಟೇಬಲ್ ಮ್ಯಾಲ ಬೀಳೋದು ಕಾಣ್ತದ. ಒಂದಿನ ಅವರು ಫೋನ್ ಮಾಡಲಿಲ್ಲ, ನೆಟ್ ಇರಲಿಲ್ಲ ಅಂದ್ರು, ಆವತ್ತು ನಾ ಉಣಲಿಲ್ಲ. ನನ್ನ ಪಗಾರ ಎಷ್ಟು ಅಂತ ಅವರಿಗೆ ಗೊತ್ತು, ಅವರ ಖರ್ಚು ಏನು ಅಂತ ನನಗ ಗೊತ್ತು, ನಾ ಇಲ್ಲಿ ಭಿಶಿ, ಅಂದ್ರ ಚೀಟಿ, ಹಾಕಿದ್ದೂ ಅವರಿಗೆ ಗೊತ್ತು. ಎರಡು ಸಾವಿರ ಕಿಲೋಮೀಟರ್ ದೂರ ಇದ್ರೂ ನನಗ ಬಸ್ ಸ್ಟ್ಯಾಂಡಿನಾಗ ಕುಂತಂಗ ಎಂದೂ ಅನ್ಸಿಲ್ಲ. ಅಕ್ಕ, ನಿಮಗ ಒಂದೇ ಮನ್ಯಾಗ ಇದ್ದು ಹಂಗ ಅನ್ಸಿದ್ರ ಅದಕ್ಕ ಬರೇ ಬೋರಮಾಳ ಕಾರಣ ಅಲ್ಲ ಅಂತ ನನ್ನ ಅನಿಸಿಕಿ.

ಹುಮನಾಬಾದ್_ಮಗಳು · 5:20

ಅದೇ ಅಂತೀನಿ ನಾನೂ. ಅವರು ಎಲ್ಲಾ ಮಾಡ್ತಾರ, ಆದ್ರ ಏನೋ ಒಂದು ಲೆಕ್ಕ ತಲ್ಯಾಗ ಇಟ್ಕೊಂಡೇ ಇರ್ತಾರ. ಪಗಾರ ಪೂರಾ ಎಷ್ಟು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರ "ಮನಿ ನಡೀಲತ್ತದ ಅಲ್ಲ" ಅಂತಾರ.

ಹಿರಿಯ_ಸಭಾಸದ · 5:31

ಈ ಮಾತು ಮೊದಲು ಯಾಕ ಹೇಳಲಿಲ್ಲ? ಹಿಂಗಿದ್ರ ಅಂವಾ ಬಸ್ ಸ್ಟ್ಯಾಂಡ್ ಮಾತು ಆಡಾಕ ಹಕ್ಕಿಲ್ಲ.

ಸೇಡಂ_ರೋಡ್_ಸಿಸ್ಟರ್ · 5:33

ಅಂಕಲ್ ನೀವಾ ಇದು?? ಅಕೌಂಟ್ ಯಾರಾರ ಹ್ಯಾಕ್ ಮಾಡ್ಯಾರೇನು 😂

ತೊಗರಿ_ಕಾಕಾ · ಸಂಜಿ 7:45

ಬಂದೆ. ನನಗ ಇಷ್ಟೆಲ್ಲಾ ವಚನ ಬರಂಗಿಲ್ಲ. ನಮ್ಮ ಮನಿಯಾಕಿಗಿ ಲಕ್ವಾ ಹೊಡ್ದು ಹನ್ನೊಂದು ವರ್ಷ ಆತು, ಬಲಗಡಿ ಪೂರಾ. ಮಗ ಸೊಸಿ ಪುಣ್ಯಾದಾಗ ದುಡೀತಾರ. ಮೊದಲ ವರ್ಷ ನನಗ ಆಕೀನ್ನ ಎತ್ತೋದು ಬಂತು, ಉಣ್ಸೋದು ಬಂತು, ತಲಿ ಹಿಕ್ಕೋದು ಬರಲಿಲ್ಲ. ಮಗ್ಗಲ ಮನಿ ಹುಡುಗಿ ಬಂದು ಹಾಕ್ತಿತ್ತು. ಆ ಹುಡುಗಿ ಮದಿವಿ ಆಗಿ ಹೋತು. ಒಂದಿನ ಆಕಿ ಅಂದ್ಳು, ಕೂದಲಾ ಕತ್ತರಿಸಿಬಿಡ್ರಿ, ನಿಮಗ ತ್ರಾಸ್ ಆಗ್ತದ ಅಂತ. ಅಂದು ಆ ಕಡಿ ಮಾರಿ ಮಾಡಿದ್ಳು. ನಾ ಕತ್ತರಿ ತರಲಿಲ್ಲ. ಎತ್ತಿಗೆ ಹುರಿ ಹೆಣ್ಯಾಕ ಬರ್ತದ ನನಗ, ಇದು ಬರಂಗಿಲ್ಲೇನು ಅಂತ ಕುಂತೆ. ಮೂರು ಎಳಿ ಮಾಡಬೇಕು, ನಡುವಿಂದು ಬಿಗಿ ಹಿಡೀಬೇಕು, ಇಲ್ಲಾಂದ್ರ ಕಿವಿ ಹಿಂದ ಸಡಲಾಗ್ತದ. ಎಣ್ಣಿ ಮೊದಲೇ ಹಚ್ಚಿದ್ರ ಜಾರ್ತದ, ಆಮ್ಯಾಲ ಹಚ್ಚಬೇಕು. ಈಗ ಹೊಲಕ್ಕ ಹೋಗೋ ಮುಂದ ಐದು ನಿಮಿಷದ ಕೆಲಸ.

ಬಂಗಾರ ನಂದೂ ಆಕೀದೂ ಎಲ್ಲಾ ದವಾಖಾನಿಗೇ ಹೋತು. ಅದಕ್ಕ ಆ ವಿಷಯದಾಗ ನಾ ಏನೂ ಹೇಳಂಗಿಲ್ಲ.

ಭಾಲ್ಕಿ_ಯೂತ್ · 7:58

ಕಾಕಾ 🙏 ಪ್ರಸಂಗಿ 4:12! ಮೂರು ಹುರಿಯ ಹಗ್ಗ ಬೇಗ ಕಿತ್ತುಹೋಗಂಗಿಲ್ಲ! ಜಡಿ ಹಾಕುವಾಗ ಅದೇ ನೆನಪಾಗ್ತದೇನು ನಿಮಗ?

ತೊಗರಿ_ಕಾಕಾ · 8:10

ಇಲ್ಲಪ್ಪ. ಸಿಕ್ಕು ಬಿಡಿಸೋದ್ರಾಗೇ ಹೊತ್ತು ಹೋಗ್ತದ, ಆಕಿ ಬೈತಿರ್ತಾಳ.

ಮಂಗಲಪೇಟ್_ಹುಡುಗ · 8:14

ಕಾಕಾ, ನನ್ನ ಮದಿವಿ ಮುಂದಿನ ಮೇ ತಿಂಗಳಾಗ ಅದ. ಇದನ್ನ ಓದಿ ಹೆದರಿಕಿ ಬರ್ಲತ್ತದ.

ತೊಗರಿ_ಕಾಕಾ · 8:16

ಬರಲಿ. ನನಗೂ ಬಂದಿತ್ತು.

ಹಳೇ_ಸೆಮಿನರಿ · 9:30

ನಾವು ಮೆಥಡಿಸ್ಟರು ಅಂತ ಎದಿ ಉಬ್ಬಿಸೋ ಮುಂದ ನಮ್ಮ ಮೂಲಪುರುಷ ಜಾನ್ ವೆಸ್ಲಿ ಸಂಸಾರ ನೋಡ್ರಿ ಒಮ್ಮಿ. 1751ರಾಗ ಮೇರಿ ವಾಜೈಲ್ ಅನ್ನೋ ವಿಧವೆನ್ನ ಮದಿವಿ ಆದ್ರು. ಆಕಿ ಹತ್ರ ಆಸ್ತಿ ಇತ್ತು, ಅದನ್ನ ಮುಟ್ಟಲಿಲ್ಲ, ಆಕಿ ಹೆಸರಿಗೆ ಆಕಿ ಮಕ್ಕಳ ಹೆಸರಿಗೆ ಬರಂಗ ಮೊದಲೇ ಕಟ್ ಮಾಡಿಟ್ರು. ರೊಕ್ಕದ ವಿಷಯದಾಗ ಕನ್ನಡಿಯಂಗ ಸ್ವಚ್ಛ. ಆದ್ರ ಮದಿವಿ ಆದಮ್ಯಾಲ ಬೋಧಕ ಆದಾಂವ ಒಂದು ಪ್ರಸಂಗ ಕಡಿಮಿ ಮಾಡಬಾರದು, ಒಂದು ಮೈಲು ಕಡಿಮಿ ತಿರುಗಬಾರದು ಅನ್ನೋ ಮನುಷ್ಯಾ ಅವರು. ಕುದುರಿ ಮ್ಯಾಲೇ ಬಾಳೇ. ಆಕಿ ಮೊದಮೊದಲು ಜೋಡಿ ತಿರುಗಿದ್ಳು, ಸಾಕಾತು, ಅನುಮಾನ ಬಂತು, ಅವರ ಪತ್ರ ಒಡದು ಓದಾಕ ಹತ್ತಿದ್ಳು. ಬಿಟ್ಟು ಹೋದ್ಳು, ಬಂದ್ಳು, ಮತ್ತ ಹೋದ್ಳು. ನಾ ಆಕೀನ್ನ ಬಿಟ್ಟಿಲ್ಲ, ಕಳ್ಸಿಲ್ಲ, ಕರ್ಯಾಕೂ ಹೋಗಂಗಿಲ್ಲ ಅನ್ನೋ ಅರ್ಥದಾಗ 1771ರಾಗ ದಿನಚರ್ಯಾಗ ಬರಕೊಂಡ್ರು. 1781ರಾಗ ಆಕಿ ತೀರಿಕೊಂಡಾಗ ಮಣ್ಣು ಆದಮ್ಯಾಲ ಇವರಿಗೆ ಸುದ್ದಿ ಹೋತು.

ಇದನ್ನ ಯಾಕ ಹೇಳಿದೆ ಅಂದ್ರ, ಅಲ್ಲಿ ಹೆಂಡ್ತಿ ಬಂಗಾರ ಹೆಂಡ್ತೀದೇ ಇತ್ತು, ಯಾರೂ ಸುಳ್ಳು ಹೇಳಲಿಲ್ಲ, ಆದ್ರೂ ಮನಿ ನಿಲ್ಲಲಿಲ್ಲ. ಲೆಕ್ಕ ಬರೋಬರ್ ಆದ್ರ ಮನಸ್ಸು ಬಂತು ಅಂತ ಅಲ್ಲ.

ಹಿರಿಯ_ಸಭಾಸದ · 9:41

ವೆಸ್ಲಿಯವರ ಬಗ್ಗೆ ಇಂಥಾ ಮಾತು ಬ್ಯಾಡಾಗಿತ್ತು. ಅವರು ದೇವರ ಸೇವಾದಾಗ ಇದ್ರು.

ಶಹಾಪುರದಾಕಿ · 9:50

ಸೇವಾ ಸೇವಾ ಅಂತ ಮನಿ ಬಿಟ್ಟವರ ಹೆಂಡ್ರನ್ನೂ ಒಮ್ಮಿ ಕೇಳ್ಬೇಕು ಅಣ್ಣಾರ.

ಹಿರಿಯ_ಸಭಾಸದ · 10:20

ಸರಿ. ನಮ್ಮನಿಯಾಕೀಗೆ ಈ ಥ್ರೆಡ್ ಓದಿ ಹೇಳ್ದೆ. ನಕ್ಕಳು. ಧಾರೂರದ ಕ್ರೈಸ್ತ ಜಾತ್ರಿಗೆ ಸಭಿ ಕೆಲಸ ಅಂತ ಪ್ರತಿ ವರ್ಷ ಹೊಂಟು ಹೋಗ್ತೀರಿ, ಟೆಂಟ್ ಹೊಡಿಯೋದು ಅಡಗಿ ಮಾಡೋದು ಎಲ್ಲಾ ನಾನೇ ಅಂದ್ಳು. ಉತ್ತರ ಇರಲಿಲ್ಲ ನನ್ನ ಹತ್ರ.

ಸೇಡಂ_ರೋಡ್_ಸಿಸ್ಟರ್ · 10:22

ಈ ಥ್ರೆಡ್ ಪಿನ್ ಮಾಡ್ರಿ ಯಾರಾರ.

ಬಸವೇಶ್ವರ್_ನಗರದವ · ಗುರುವಾರ 2:15

ಅಕ್ಕಾರು ಏನ್ ಮಾಡಿದ್ರು? ಸುದ್ದೀನೇ ಇಲ್ಲ.

ಹುಮನಾಬಾದ್_ಮಗಳು · ಮುಂದಿನ ವಾರ, ಮಂಗಳವಾರ ರಾತ್ರಿ 10:05

ಎಲ್ಲರೂ ಇಷ್ಟು ಬರ್ದೀರಿ, ಸುಮ್ಮ ಕುಂದರೋದು ಸರಿ ಅಲ್ಲ ಅಂತ ಬಂದೆ.

ಅವತ್ತೇ ರಾತ್ರಿ ಲಾಕರ್ ಸುಳ್ಳು ಅಂತ ಅವರಿಗೆ ನಾನೇ ಹೇಳ್ದೆ. ಗೊತ್ತಿತ್ತು ಅಂದ್ರು. ಲಾಕರ್ ಇದ್ರ ಬಾಡಗಿ ಕಟ್ ಆಗ್ಬೇಕಲ್ಲ, ನಿನ್ನ ಪಾಸ್‌ಬುಕ್ಕಿನ್ಯಾಗ ಎಂದೂ ಕಟ್ ಆಗಿಲ್ಲ ಅಂದ್ರು. ಗುಮಾಸ್ತ ನೋಡ್ರಿ. ಎಷ್ಟು ವರ್ಷದಿಂದ ಗೊತ್ತು ಅಂದೆ. ಆರು ಅಂದ್ರು. ಆರು ವರ್ಷ ಗೊತ್ತಿದ್ದು ಸುಮ್ಮ ಇದ್ರು ಅಂತ ನನಗ ಸಿಟ್ಟು ಬಂತು, ತಪ್ಪು ನಂದೇ ಇದ್ರೂ.

ಶನಿವಾರ ಮೂರೂ ಮಂದಿ ಬೀದರ ಟ್ರೇನಿಗಿ ಹುಮನಾಬಾದಿಗಿ ಹೋದ್ವಿ. ಅವ್ವ ಟ್ರಂಕ್ ತೆಗದ್ಳು. ಮ್ಯಾಲ ಹಳೇ ಕೌದಿ, ಅದರ ಕೆಳಗ ನನ್ನ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡು, ಅದರ ಕೆಳಗ ಅರಿವ್ಯಾಗ ಕಟ್ಟಿದ್ದು. ಅವ್ವ ಅವರ ಮಾರಿ ನೋಡಲಿಲ್ಲ, ಗಂಟು ಬಿಚ್ಚಿ ಹಾಸಗಿ ಮ್ಯಾಲ ಇಟ್ಟು ಒಳಗ ಹೋಗಿ ಚಹಾ ಇಟ್ಳು. ಅವರು ಬೋರಮಾಳ ಕೈಯಾಗ ತಗೊಂಡು ನೋಡಿ ಹೊಳ್ಳಿ ಅಲ್ಲೇ ಇಟ್ರು. "ಇಲ್ಲೇ ಇರಲಿ" ಅಂದ್ರು. "ಏನೇನ್ ಅದ ಅಂತ ಬರ್ದು ಕೊಡು, ಅಷ್ಟು ಸಾಕು." ಮಗಳ ನೋಟ್‌ಬುಕ್ಕಿನ ಹಾಳಿ ಹರ್ದು ಬರ್ದೆ, ಎರಡು ಪಾಟ್ಲಿ, ಬೋರಮಾಳ, ತೂಕ. ಅವರು ಪೆನ್ನು ಇಸ್ಕೊಂಡು ನನ್ನ ಬರವಣಿಗಿ ಕೆಳಗ ಒಂದು ಗೆರಿ ಎಳದು ತಮ್ಮದೂ ಬರದ್ರು. ಪಗಾರ ಇಷ್ಟು. ಸೊಸೈಟಿ ಸಾಲ ಒಂದು ಲಕ್ಷ ಎಂಬತ್ತು ಸಾವಿರ, ಮೂರು ವರ್ಷದ ಹಿಂದ ತಗೊಂಡಿದ್ದು, ನಾದಿನಿ ಮನಿ ಕಟ್ಟೋ ಮುಂದ ಕೊಟ್ಟಿದ್ದು. ತಿಂಗಳಾ ತಿಂಗಳಾ ಕಟ್ ಆಗ್ತದ.

ಇದರಾಗ ಒಂದು ಮಾತೂ ನನಗ ಗೊತ್ತಿರಲಿಲ್ಲ. ಮೂರು ವರ್ಷ ನಾ ಮಗಳಿಗಿ ಸೈಕಲ್ ಬ್ಯಾಡ, ಮುಂದಿನ ವರ್ಷ ಅಂತ ಹೇಳ್ಕೋತ ಬಂದೀನಿ.

ಹೊಳ್ಳಿ ಬರೋವಾಗ ಟ್ರೇನಿನಾಗ ಜಗಳ ಆತು, ಸಣ್ಣ ದನೀಲೇ, ಮಂದಿ ಇದ್ರಲ್ಲ. ಮಗಳು ನಡುವ ಕುಂತು ಶೇಂಗಾ ತಿನ್ಕೋತ ಈ ಕಡಿ ಆ ಕಡಿ ನೋಡ್ತಿತ್ತು. ಮದಿವಿ ಆದಮ್ಯಾಲ ನಾವು ಇಷ್ಟೊತ್ತು ಮಾತಾಡಿದ್ದು ಅದೇ ಮೊದಲು. ಇನ್ನಾ ಸಿಟ್ಟು ಇಳಿದಿಲ್ಲ ನಂದು. ಆದ್ರ ಹಾಳಿ ಅಲ್ಮಾರಿ ಬಾಗಲಾ ಒಳಗಡಿ ಹಚ್ಚೀವಿ, ಇಬ್ಬರಿಗೂ ಕಾಣಂಗ.

ಮಸ್ಕತ್_ನರ್ಸಮ್ಮ · 10:20

ಸೈಕಲ್ ಕೊಡಸ್ರಿ ಮೊದಲು ಅಕ್ಕ.

ಶಹಾಪುರದಾಕಿ · 10:24

ಇಲ್ಲೇ ಇರಲಿ ಅಂದ್ನಲ್ಲ ತಾನೇ ಬಾಯಿಬಿಟ್ಟು. ಅಷ್ಟು ಸಾಕು ತಂಗಿ ನನಗ ಕೇಳಾಕ.

ಸುಮ್ನೆ_ಓದಾಂವ · 10:26

ಅಂದ್ರ ಮಾವಾರೂ ಅದೇ ಬಸ್ ಸ್ಟ್ಯಾಂಡಿನಾಗೇ ಇದ್ರು, ಪ್ಲಾಟ್‌ಫಾರ್ಮ್ ಬ್ಯಾರೆ ಅಷ್ಟೇ.

ಗಂಜ್_ಸರಾಫ್_ಮಗ · 10:31

ತೂಕ ಬರದ್ರಿ ಅಂದ್ರಲ್ಲ. ತೊಲಿ ಎಷ್ಟಕ್ಕ ಹಿಡದ್ರಿ?

ಹುಮನಾಬಾದ್_ಮಗಳು · 10:33

ಅವ್ವ ಹಳೇ ಚೀಟಿ ತೋರಿಸಿದ್ಳು. 11.66 ಇತ್ತು.

ಗಂಜ್_ಸರಾಫ್_ಮಗ · 10:33

@ಬಸವೇಶ್ವರ್_ನಗರದವ ಎಲ್ಲಿದೀರಿ?